ಮೊದಲು ಯಾರದು, ಈಗ ಯಾರದು

ಬೂರುಗದ ಕಾಯಿ ಒಡೆದು ಹತ್ತಿ ಹಾರುವ ಕಾಲ ಅದು. ಮಂಗಳವಾರ ಬೆಳಗ್ಗೆ ಏಳಕ್ಕೆಲ್ಲ ಬಿಸಿಲು ಆಸ್ಪತ್ರೆಯ ಹಿಂಬದಿಯ ಜನರೇಟರ್ ಕೋಣೆಯ ಹೊಸಿಲು ದಾಟಿತ್ತು. ಕಸ್ಮೂರಿ ಮೊಣಕಾಲೂರಿ ಕೂತು, ಮೂಲೆಯಲ್ಲಿದ್ದ ಹಳೆ ಕಂಪ್ಯೂಟರಿನ ಜಾಲರಿಗೆ ಅಂಟಿದ ಹತ್ತಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸುತ್ತಿದ್ದ. ಬಿಡಿಸಿದಷ್ಟೂ ಬರುತ್ತಿತ್ತು. ಒಳಗಿನ ಫ್ಯಾನು ಗಾಳಿ ಎಳೆದುಕೊಳ್ಳುತ್ತಿದ್ದರೆ ಹತ್ತಿಯ ಎಳೆಗಳು ಜಾಲರಿಗೆ ಮುಖವಿಟ್ಟು ಸಣ್ಣಗೆ ನಡುಗುತ್ತಿದ್ದವು.

ಆ ಯಂತ್ರವನ್ನು ಯಾರೂ ಎಂದೂ ಆಫ್ ಮಾಡಿದ್ದಿಲ್ಲ. ಅದು ಏನು ಕೆಲಸ ಮಾಡುತ್ತದೆಂದು ಪೂರ್ತಿ ಬಲ್ಲವನು ಪರ್ಮಿನ್ ಒಬ್ಬನೇ. ಅವನು ತೀರಿಕೊಂಡು ಮೂರು ವರ್ಷವಾಗುತ್ತ ಬಂದಿತ್ತು. ಆರಿಸಿದರೆ ಆಸ್ಪತ್ರೆಯಲ್ಲಿ ಎಲ್ಲಿ ಏನು ನಿಂತುಹೋಗುತ್ತದೋ ಎಂಬ ಹೆದರಿಕೆಗೆ ಕಸ್ಮೂರಿ ಅದರ ಬ್ಯಾಟರಿಯನ್ನು ಮುದಿ ತಾಯಿಯ ಔಷಧಿಯಂತೆ ತಪ್ಪದೆ ನೋಡಿಕೊಂಡು ಬಂದಿದ್ದ.

"ಸ್ನಾನ ಆಯ್ತಾ ಪಾಕ್, ನಿಮ್ಮ ಅಜ್ಜಿಗೆ?"

ಬಾಗಿಲಲ್ಲಿ ತಿತಿಸ್ ನಿಂತಿದ್ದಳು. ಆ ಊರಿನಲ್ಲಿ ಹಿರಿಯ ಗಂಡಸರನ್ನು ಪಾಕ್, ಹೆಂಗಸರನ್ನು ಬು ಎಂದು ಕರೆಯುವುದು ರೂಢಿ. ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿ. ಅವಳ ಪ್ರೊಬೇಷನ್ ಅವಧಿ ಈ ವಾರ ಮುಗಿಯುವುದಿತ್ತು. ದಿನವೂ ಕೇಳುವ ಮಾತೇ ಆದರೂ ಇವತ್ತು ದನಿಯಲ್ಲಿ ನಗು ಇರಲಿಲ್ಲ.

"ಡೈರೆಕ್ಟರ್ ಕರೀತಿದ್ದಾರೆ. ಇಬ್ಬರನ್ನೂ," ಅಂದಳು. "ನಿಮ್ಮ ಲಾಗ್ ನನ್ನ ಹೆಸರು ಹೇಳಿದೆಯಂತೆ."

ಕಸ್ಮೂರಿ ಓದಿದ್ದು ಆರನೇ ತರಗತಿ. ಆಸ್ಪತ್ರೆಗೆ ಬಂದದ್ದು ವೈರಿನ ಕೆಲಸಕ್ಕೆ. ಕಂಪ್ಯೂಟರುಗಳು ಬಂದಾಗ ಅವುಗಳ ಜತೆಗೆ ಬಂದವನು ಪರ್ಮಿನ್. ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವನೂ ಅವನೇ. ಕಂಪ್ಯೂಟರಿನೊಳಗೆ ಪ್ರತಿ ಫೈಲಿಗೂ ಒಬ್ಬ ಯಜಮಾನ. ಅದನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಅಪ್ಪಣೆ ಬೇರೆ. ಈ ಯಜಮಾನಿಕೆಯನ್ನೂ ಅಪ್ಪಣೆಯನ್ನೂ ಬದಲಿಸುವ ಸಣ್ಣ ಸಣ್ಣ ಸ್ಕ್ರಿಪ್ಟುಗಳನ್ನು, ಕಂಪ್ಯೂಟರ್ ತಾನೇ ನಡೆಸುವ ಆಜ್ಞೆಗಳನ್ನು, ಪರ್ಮಿನ್ ಬರೆಯುತ್ತಿದ್ದ. ಅವುಗಳಿಗೆ ಕಸ್ಮೂರಿ ಸೇರಿಸಿದ್ದು ಒಂದೇ ಒಂದು ಕಟ್ಟಳೆ. ಯಾವ ಸ್ಕ್ರಿಪ್ಟೇ ಆಗಲಿ, ಬದಲಿಸುವಾಗ ಲಾಗಿನಲ್ಲಿ, ಅಂದರೆ ದಾಖಲೆಯ ಫೈಲಿನಲ್ಲಿ, ಒಂದು ಸಾಲು ಬರೆಯಬೇಕು: ಯಾವಾಗ, ಯಾರು, ಯಾವ ಫೈಲು, ಮೊದಲು ಹೇಗಿತ್ತು, ಈಗ ಹೇಗಿದೆ. ಹಳೆ ಮನೆಯ ವೈರು ಬಿಚ್ಚುವಾಗ ಒಂದೊಂದಕ್ಕೂ ಬಣ್ಣದ ಬಟ್ಟೆಚೂರು ಕಟ್ಟಿ ಬಿಚ್ಚುವುದು ಅವನ ಅಭ್ಯಾಸ. "ಬಿಚ್ಚೋದು ಯಾರಾದ್ರೂ ಬಿಚ್ಚುತಾರೆ. ಮೊದಲು ಎಲ್ಲಿತ್ತು ಅಂತ ಗೊತ್ತಿರಬೇಕಲ್ಲ," ಅನ್ನುತ್ತಿದ್ದ. ಪರ್ಮಿನ್ ನಗುತ್ತ ಒಪ್ಪಿ, ತನ್ನ ಎಲ್ಲ ಸ್ಕ್ರಿಪ್ಟುಗಳಲ್ಲೂ ಆ ಸಾಲು ಸೇರಿಸಿದ್ದ.

ಡೈರೆಕ್ಟರ್ ಹರ್ತಿನಿಯ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು, ಪಕ್ಕದ ಹಳ್ಳಿಯ ಶಾಲಾ ಮಾಸ್ತರರ ದೂರು. ಎದೆಯ ಎಕ್ಸ್‌ರೇ ತೆಗೆಸಿಕೊಂಡು ಹೋಗಿದ್ದರು. ಫಲಿತಾಂಶ ಕೇಳಲು ಅವರು ಬರುವ ಮೊದಲೇ ಅದು ಊರಿನ ಕಾಫಿ ಅಂಗಡಿ ತಲುಪಿತ್ತು. ಕ್ಷಯದ ಹೆದರಿಕೆಗೆ ಎರಡು ದಿನದಿಂದ ಶಾಲೆಗೆ ಮಕ್ಕಳು ಬಂದಿರಲಿಲ್ಲ. ಇನ್ನೊಂದು, ಲಾಗಿನಿಂದ ತೆಗೆಸಿದ ವರದಿ. ಎಕ್ಸ್‌ರೇ ಕೋಣೆಯವರಿಗಷ್ಟೇ ಅಪ್ಪಣೆಯಿದ್ದ ಫೋಲ್ಡರನ್ನು ದಿನಾ ಮಸೀದಿಯ ಬೆಳಗಿನ ಬಾಂಗಿನ ಹೊತ್ತಿಗೆ ಯಾರೋ ಎಲ್ಲರಿಗೂ ತೆರೆದಿದ್ದರು. ಸಾಲುಸಾಲಾಗಿ ಒಂದೇ ಹೆಸರು: ತಿತಿಸ್.

"ಆ ಹೊತ್ತಲ್ಲಿ ನಾನು ಕಣ್ಣು ಬಿಟ್ಟಿರೋದೇ ಅನುಮಾನ, ಬು," ಅಂದಳು ತಿತಿಸ್. "ನಮ್ಮಮ್ಮನ್ನ ಕೇಳಿ. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸ್ತಾಳೆ."

ಹರ್ತಿನಿ ಕನ್ನಡಕ ತೆಗೆದು ಒರೆಸಿಕೊಂಡರು. ಗದರುವ ಹೆಂಗಸಲ್ಲ. ಮಾಸ್ತರರು ನಿನ್ನೆ ಈ ಕೋಣೆಯಲ್ಲಿ ಕೂತು ಅತ್ತಿದ್ದರಂತೆ. ಅವರು ಕೂತಿದ್ದ ಕುರ್ಚಿಯನ್ನು ಹರ್ತಿನಿ ಇನ್ನೂ ಎಳೆದು ಸರಿ ಮಾಡಿರಲಿಲ್ಲ.

"ನಾಳೆ ಮಧ್ಯಾಹ್ನಕ್ಕೆ ಅವರಿಗೆ ಉತ್ತರ ಕೊಡಬೇಕು. 'ಯಾರೋ ತೆರೆದರು' ಅಂತ ಬರೆಯೋಕಾಗಲ್ಲ." ಕಸ್ಮೂರಿಯ ಕಡೆ ತಿರುಗಿದರು. "ನಿಮ್ಮ ಲಾಗ್ ತಪ್ಪು ಹೇಳುತ್ತಾ, ಪಾಕ್?"

"ಇಲ್ಲ, ಬು."

ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು. ಇಷ್ಟು ವರ್ಷ ಯಾರು ಕೇಳಿದರೂ ಅದೇ ಉತ್ತರ ಕೊಟ್ಟಿದ್ದ.

ಹೊರಗೆ ಬಂದು ತಿತಿಸ್ ಉದ್ದ ವರಾಂಡ ದಾಟಿದಳು. ನೀರಿನ ನಲ್ಲಿಯ ಹತ್ತಿರ ನಿಂತಳು.

"ಒಂದೇ ಒಂದು ಸಲ 'ಇರಬಹುದು' ಅನ್ನೋಕೆ ಏನಾಗಿತ್ತು ನಿಮ್ಗೆ? ಮಷೀನಿನ ಮಾನ ಹೋಗ್ತಿತ್ತಾ?"

ಕಸ್ಮೂರಿ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುವಿ ಬಿಗಿ ಮಾಡಿದ. "ನೋಡ್ತೀನಿ ತಾಳು, ಮಗಳೇ," ಅಂದ.

"ನೋಡಿ. ನಾಳೆ ಮಧ್ಯಾಹ್ನದವರೆಗೂ ಇರ್ತೀನಲ್ಲ ಹೇಗೂ."

ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದ ಮೇಲೆ ಅವನು ವರದಿಯನ್ನು ಬದಿಗಿಟ್ಟು ಮೂಲ ಲಾಗನ್ನೇ ತೆರೆದ. ಅದರಲ್ಲಿ ಹೆಸರುಗಳಿರಲಿಲ್ಲ. ಕಂಪ್ಯೂಟರಿಗೆ ಒಳಗೊಳಗೆ ಮನುಷ್ಯ ಅಂದರೆ ಒಂದು ಸಂಖ್ಯೆ. ಹೆಸರೆನ್ನುವುದು ಮೇಲೆ ಅಂಟಿಸಿದ ಚೀಟಿ ಮಾತ್ರ. ಲಾಗ್ ಸಂಖ್ಯೆಯನ್ನು ಬರೆದುಕೊಳ್ಳುತ್ತಿತ್ತು, ವರದಿ ತೆಗೆಯುವಾಗ ಚೀಟಿ ನೋಡಿ ಹೆಸರು ಹಾಕುತ್ತಿತ್ತು. ಅವನು ಸಾಲುಗಳನ್ನು ಹಿಂದಕ್ಕೆ ಹಿಂದಕ್ಕೆ ಎಳೆಯುತ್ತ ಹೋದ. ತಿತಿಸ್ ಕೆಲಸಕ್ಕೆ ಸೇರಿದ ದಿನ ಬಂತು. ಅದರ ಹಿಂದಿನ ದಿನವೂ ಅದೇ ಸಾಲಿತ್ತು. ಅದೇ ಹೊತ್ತು, ಅದೇ ಫೋಲ್ಡರು, ಅದೇ ಸಂಖ್ಯೆ. ಉಪವಾಸದ ತಿಂಗಳು ಮುಗಿಯುವ ಕಳೆದ ಲೆಬರಾನ್ ಹಬ್ಬದ ದಿನ, ಆಸ್ಪತ್ರೆಯ ಕಚೇರಿಗಳಿಗೆಲ್ಲ ಬೀಗ ಬಿದ್ದಿದ್ದಾಗಲೂ ಇತ್ತು. ಅದರ ಹಿಂದಿನ ಹಬ್ಬಕ್ಕೂ ಇತ್ತು. ಕೊನೆಗೆ ಪರ್ಮಿನ್ ಬದುಕಿದ್ದ ದಿನಗಳು ಬಂದವು.

ಕಸ್ಮೂರಿ ಕೈ ಮಡಿಲಲ್ಲಿಟ್ಟುಕೊಂಡು ಕೂತ.

ಈ ಆಸ್ಪತ್ರೆಯಲ್ಲಿ ಹೋದವರ ಲಾಕರು ಬಂದವರಿಗೆ. ಛತ್ರಿ ನೇತುಹಾಕುವ ಮೊಳೆ, ಚಹಾ ಲೋಟದ ತಗಡಿನ ಮುಚ್ಚಳ, ಸೈಕಲ್ ನಿಲ್ಲಿಸುವ ಜಾಗ ಎಲ್ಲ ಹಾಗೇ. ಯಾರೂ ಬರೆದಿಟ್ಟ ನಿಯಮವಲ್ಲ. ಖಾಲಿ ಬಿಟ್ಟರೆ ಹೋದವರಿಗೆ ಕಾಲು ಹಗುರಾಗುವುದಿಲ್ಲ ಎಂದು ಹಿಂದಿನವರು ಅನ್ನುತ್ತಿದ್ದರು. ಪರ್ಮಿನ್ ಹೋದಾಗ ಅವನ ಹೆಸರಿನ ಚೀಟಿಯನ್ನು ಕಸ್ಮೂರಿಯೇ ಅಳಿಸಿದ್ದ. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಜಾಗ ಖಾಲಿಯೇ ಇತ್ತು. ತಿತಿಸ್ ಬಂದಾಗ, ಲಾಕರು ಮುಚ್ಚಳಗಳ ಜತೆಗೆ ಕಂಪ್ಯೂಟರಿನೊಳಗಿನ ಆ ಸಂಖ್ಯೆಯನ್ನೂ ಅವಳಿಗೇ ಕೊಟ್ಟಿದ್ದ. ಒಳ್ಳೆಯ ಹುಡುಗಿ, ಅವನ ಜಾಗ ತುಂಬಲಿ ಎಂದು.

ಚೀಟಿ ಇಲ್ಲದ ಸಂಖ್ಯೆಯ ಸಾಲುಗಳನ್ನು ವರದಿ ಸುಮ್ಮನೆ ಬಿಟ್ಟುಬಿಡುತ್ತಿತ್ತು. ಅದಕ್ಕೇ ಈವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಿತಿಸ್‌ಳ ಹೆಸರು ಅಂಟಿಸಿದ ಗಳಿಗೆಯಿಂದ ಅವು ಅವಳವಾಗಿದ್ದವು.

ಎದ್ದು ಜನರೇಟರ್ ಕೋಣೆಗೆ ಹೋದ. ಹಳೆ ಯಂತ್ರದಲ್ಲಿ ಹುಡುಕಿದರೆ ಸಿಕ್ಕಿತು. ಪರ್ಮಿನ್ ಹಚ್ಚಿಟ್ಟು ಹೋದ ಪುಟ್ಟ ಸ್ಕ್ರಿಪ್ಟು. ಒಂದು ದಿನ ಮಲಗುವುದು, ಏಳುವುದು, ಫೋಲ್ಡರಿನ ಅಪ್ಪಣೆ ತೆರೆಯುವುದು, ಲಾಗಿನಲ್ಲಿ ಒಂದು ಸಾಲು ಬರೆಯುವುದು, ಮತ್ತೆ ಮಲಗುವುದು. ರಾತ್ರಿ ಕಸ್ಮೂರಿಯ ಸ್ಕ್ರಿಪ್ಟು ಎಲ್ಲ ಬಾಗಿಲು ಮುಚ್ಚಿಕೊಂಡು ಹೋದರೆ, ಬೆಳಗಿನ ಜಾವ ಇದು ಎದ್ದು ಒಂದನ್ನು ತೆರೆಯುತ್ತಿತ್ತು. ಯಂತ್ರ ಆರಿರಲಿಲ್ಲವಾದ್ದರಿಂದ ಇದೂ ಸತ್ತಿರಲಿಲ್ಲ.

ಅವನು ಹೇಳಿದ್ದನ್ನೆಲ್ಲ ತಿತಿಸ್ ಬಾಗಿಲಿಗೊರಗಿ ಕೇಳಿದಳು.

"ಅಂದ್ರೆ ಅವರು ಇನ್ನೂ ಡ್ಯೂಟಿ ಮಾಡ್ತಿದ್ದಾರೆ. ನನ್ನ ಹೆಸರಲ್ಲಿ." ನಗಲು ನೋಡಿದಳು. "ನಾನು ಅವರ ಮುಚ್ಚಳ ಒಡೆದಿದ್ದಕ್ಕೆ ಇದಾ?"

"ಒಡೆದೆಯಾ?"

"ಸೊಟ್ಟಗಾಯ್ತು ಅಷ್ಟೆ." ಆಮೇಲೆ ಅವನ ಮುಖ ನೋಡದೆ ಕೇಳಿದಳು, "ನಾಳೆ ಹೇಳ್ತೀರಲ್ಲ, ಪಾಕ್?"

"ಹೇಳ್ತೀನಿ."

ಹೇಳುತ್ತೇನೆ ಅಂದದ್ದೇನೋ ಸರಿ. ಆದರೆ ನಾಳೆ ಸಂಜೆಯೇ ಪರ್ಮಿನ್‌ನ ಸಾವಿನ ಸಾವಿರನೇ ದಿನದ, ಕೊನೆಯ ಪ್ರಾರ್ಥನೆ. ಆಮೇಲೆ ಅವನಿಗಾಗಿ ಯಾರೂ ಚಾಪೆ ಹಾಸುವುದಿಲ್ಲ. ಅಲ್ಲಿಗೆ, ಹೋದವನು ಹೋದ ಹಾಗೆ. ಅವನ ಹೆಂಡತಿ ರುಮಿ ಅಚ್ಚು ಹಾಕಿಸಿದ ಪ್ರಾರ್ಥನೆಯ ಪುಸ್ತಿಕೆಗಳು ಆಗಲೇ ಎಲ್ಲರ ಮೇಜಿನ ಮೇಲಿದ್ದವು. ಹಸಿರು ಹೊದಿಕೆ, ಮೇಲೆ ಕಪ್ಪು ಟೋಪಿಯ ಪರ್ಮಿನ್. ಫೋಟೋಗೆ ನಿಂತಾಗ ನಗು ತಡೆದುಕೊಂಡಿದ್ದು ಕಾಣುತ್ತಿತ್ತು. ಆಸ್ಪತ್ರೆಯ ಗೇಟಿನ ಪಕ್ಕ ರುಮಿಗೆ ಅಂಗಡಿಯ ಜಾಗ ಕೊಟ್ಟದ್ದೂ ಅವನ ಒಳ್ಳೆಯ ಹೆಸರಿಗೇ.

ಎಲ್ಲ ಫೈಲುಗಳ ಕೀಲಿ ಕಸ್ಮೂರಿಯ ಕೈಲಿತ್ತು. ಲಾಗ್ ಕೂಡ ಒಂದು ಫೈಲೇ. ಆ ಸಂಖ್ಯೆಯಿದ್ದ ಸಾಲುಗಳನ್ನೆಲ್ಲ ತೆಗೆದುಹಾಕಲು ಒಂದೇ ಒಂದು ಆಜ್ಞೆ ಸಾಕು. ತಿತಿಸ್ ಉಳಿಯುತ್ತಾಳೆ, ಪರ್ಮಿನ್ ಉಳಿಯುತ್ತಾನೆ. 'ಲಾಗೇ ಕೆಟ್ಟಿತ್ತು ಬು' ಅಂದರೆ ಮುಗಿಯಿತು, ಮಾಸ್ತರರಿಗೆ ಯಾವ ಹೆಸರೂ ಇಲ್ಲದ ಒಂದು ಉತ್ತರ ಹೋಗುತ್ತದೆ. ಅವನು ಆ ಆಜ್ಞೆಯನ್ನು ಅರ್ಧ ಟೈಪು ಮಾಡಿದ. ಆಮೇಲೆ ಒಂದೊಂದೇ ಅಕ್ಷರ ಅಳಿಸಿ, ಪರದೆ ಮುಚ್ಚಿ, ಸೈಕಲ್ ಹತ್ತಿ ಮನೆಗೆ ಹೋದ.

ಬುಧವಾರ ಬೆಳಗಿನ ಬಾಂಗು ಮುಗಿದು ಸ್ವಲ್ಪ ಹೊತ್ತಿಗೆ ರುಮಿಯ ಅಂಗಡಿಗೆ ಬಂದ. ಗೇಟಿನ ಪಕ್ಕ, ಬೂರುಗದ ಮರದ ಕೆಳಗೆ ಎರಡು ಬೆಂಚು, ಒಂದು ಒಲೆ. ಬಾಳೆಲೆ ಹಾಸಿದ ತಟ್ಟೆಯಲ್ಲಿ ಅನ್ನ, ಮೇಲೆ ದನದ ಮಾಂಸದ ತೆಳು ಸಾರು, ಕತ್ತರಿಯಿಂದ ಕತ್ತರಿಸಿ ಹಾಕಿದ ಸೋಯಾ ಕಾಳಿನ ತೆಂಪೆ. ರಾತ್ರಿಯಿಡೀ ವಾರ್ಡಿನ ಹೊರಗೆ ಕಾದವರು ಮರದ ಬುಡದಲ್ಲಿ ಲುಂಗಿಯಂಥ ಸರೋಂಗು ಹೊದ್ದು ಕೂತಿದ್ದರು. ಹತ್ತಿ ಅವರ ಹೆಗಲ ಮೇಲೆ ಇಳಿಯುತ್ತಿತ್ತು.

"ಏನ್ ಕಾಂಗ್, ಇವತ್ತು ಕೋಳಿಗಿಂತ ಮೊದಲೇ ಎದ್ದಿರಿ? ಮನೇಲಿ ಹೊರಗೆ ಹಾಕಿದ್ರಾ?" ಅಂದಳು ರುಮಿ. ಅಣ್ಣ ಎನ್ನುವುದಕ್ಕೆ ಅವಳು ಕಾಂಗ್ ಅನ್ನುತ್ತಿದ್ದಳು.

"ಇನ್ನೂ ಇಲ್ಲ. ಹಾಕ್ತಾರೆ."

ತಟ್ಟೆ ಕೊಟ್ಟಳು. ಅವನು ತಿನ್ನದೆ ಹಿಡಿದುಕೊಂಡ. ಅಷ್ಟರಲ್ಲಿ ಒಬ್ಬ ನರ್ಸು ಬಂದು ಮರದ ಕೆಳಗಿನ ಮುದುಕನ ಮುಂದೆ ಬಗ್ಗಿದಳು. "ಅಜ್ಜ, ಎಕ್ಸ್‌ರೇ ನೋಡಿದೆ. ಮೂಳೆ ಮುರಿದಿಲ್ಲ, ಬಿರುಕು ಅಷ್ಟೇ. ಹೆಂಡ್ತಿ ನಡೀತಾಳೆ. ಏಳಿ, ಏನಾದ್ರೂ ತಿನ್ನಿ." ಮುದುಕ ತಲೆಯ ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಏನು ಮಾಡಬೇಕೋ ತಿಳಿಯದೆ ಬೆಂಚಿಗೆ ಬಂದು ಕೂತ. ರುಮಿ ಕೇಳದೆಯೇ ಅವನಿಗೆ ತಟ್ಟೆ ಬಡಿಸಿದಳು.

"ನೋಡಿ," ಅಂದಳು ಕಸ್ಮೂರಿಯ ಪಕ್ಕ ಬಂದು ದನಿ ತಗ್ಗಿಸಿ. "ನಮ್ಮವರು ಮಾಡಿಟ್ಟ ಕೆಲಸ. ಎಕ್ಸ್‌ರೇ ಕೋಣೆ ತೆಗೆಯೋದು ಒಂಬತ್ತಕ್ಕೆ. ಅಲ್ಲೀವರೆಗೆ ಈ ಜನ ಗಂಟಲಲ್ಲಿ ಮುಳ್ಳು ಇಟ್ಕೊಂಡು ಕೂತಿರೋರು. ನಮ್ಮವರಿಗೆ ಅದು ನೋಡೋಕಾಗದೆ, ಜಾವಕ್ಕೇ ನರ್ಸುಗಳಿಗೆ ಕಾಣೋ ಹಾಗೆ ಮಾಡಿಟ್ಟರು. ನೀವು ಅದನ್ನ ನಿಲ್ಲಿಸದೆ ನಡೆಸ್ಕೊಂಡು ಬಂದಿರಲ್ಲ, ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ ಕಾಂಗ್. ಇವತ್ತಾದ್ರೂ ಹೇಳ್ಬೇಕು ಅಂದ್ಕೊಂಡಿದ್ದೆ."

"ನಾನು ನಡೆಸಲಿಲ್ಲ, ರುಮಿ. ಅದು ಇದೆ ಅಂತ್ಲೇ ನಂಗೆ ಗೊತ್ತಿರಲಿಲ್ಲ."

ತಟ್ಟೆಯನ್ನು ಬೆಂಚಿನ ಮೇಲಿಟ್ಟು ಎಲ್ಲ ಹೇಳಿದ. ಸಂಖ್ಯೆ, ಚೀಟಿ, ಹುಡುಗಿ, ಮಧ್ಯಾಹ್ನದ ಉತ್ತರ. ಮಾಸ್ತರರ ಮಾತು ಬಂದಾಗ ರುಮಿಯ ಕೈಯಲ್ಲಿದ್ದ ಕತ್ತರಿ ನಿಂತಿತು.

"ಆ ಮಾತು ಆಡಿದ್ದು ಇಲ್ಲೇ," ಅಂದಳು. "ಈ ಬೆಂಚಿನ ಮೇಲೆ. ವಾರ್ಡಿನೋನು ಒಬ್ಬ ತಿಂತಾ ತಿಂತಾ ಅಂದ, 'ಪಾಪ, ಮೇಷ್ಟ್ರ ಎದೆ ಪೂರ್ತಿ ಬೆಳ್ಳಗಿದೆ' ಅಂತ. ಪಕ್ಕದಲ್ಲಿ ಅದೇ ಊರಿನ ತರಕಾರಿಯವನು ಕೂತಿದ್ದ. ನಾನು ಸಾರು ಹಾಕ್ತಾ ಇದ್ದೆ. ಕೇಳಿಸ್ಕೊಂಡೆ. ಸುಮ್ಮನಿರು ಅಂತ ಅನ್ನಲಿಲ್ಲ."

ಒಲೆಯ ಬೆಂಕಿ ತಗ್ಗಿಸಿದಳು, ಮತ್ತೆ ಹೆಚ್ಚಿಸಿದಳು.

"ಹೇಳ್ಬೇಡಿ ಅಂದ್ರೆ ಹೇಳಲ್ಲ," ಅಂದ ಕಸ್ಮೂರಿ. ಅಂದ ಮೇಲೆ, ಹಾಗೇ ಮಾಡಿಬಿಟ್ಟೇನು ಎಂದು ಅವನಿಗೇ ಹೆದರಿಕೆಯಾಯಿತು.

ರುಮಿ ಅವನನ್ನು ದಿಟ್ಟಿಸಿದಳು. "ಆ ಹುಡುಗಿ ನನ್ನತ್ರ ದಿನಾ ಸಾಲ ಹೇಳಿ ತಿನ್ನುತ್ತೆ, ಸಂಜೆ ಮರೀದೆ ಕೊಡುತ್ತೆ. ಅವಳ ಕೆಲಸ ಕಳೆದು ಇವರ ಹೆಸರು ಉಳಿಸ್ಕೊಳ್ಳೋದಾ? ಸತ್ತವರಿಗೆ ಕೆಲಸ ಹೋಗೋ ಭಯ ಇಲ್ಲ, ಕಾಂಗ್. ಬರೀಲಿ." ಸ್ವಲ್ಪ ತಡೆದು ಅಂದಳು, "ಸಂಜೆ ಹೇಗೂ ಎಲ್ಲರ ಮುಂದೆ ಕೈ ಮುಗಿದು, ಇವರಿಂದ ತಪ್ಪಾಗಿದ್ರೆ ಮನ್ನಿಸಿ ಅಂತ ಕೇಳೋದಿದೆ. ಏಳನೇ ದಿನ ಕೇಳಿದೆ, ನಲವತ್ತಕ್ಕೆ ಕೇಳಿದೆ, ನೂರಕ್ಕೆ ಕೇಳಿದೆ. ಯಾವ ತಪ್ಪು ಅಂತ ಗೊತ್ತಿಲ್ದೆ ಕೇಳ್ತಿದ್ದೆ. ಈ ಸಲ ಒಂದಾದ್ರೂ ಗೊತ್ತಿದೆ."

"ಅಂಗಡಿ..."

"ಅಂಗಡಿ ವಿಷ್ಯ ಆ ಡೈರೆಕ್ಟರಮ್ಮ ಬಂದು ಹೇಳಲಿ. ನೀವು ಊಟ ಮಾಡಿ. ಆರಿ ಹೋಯ್ತು."

ಡೈರೆಕ್ಟರ್ ಕೋಣೆಯಲ್ಲಿ ಹರ್ತಿನಿ ಪೂರ್ತಿ ಕೇಳಿಕೊಂಡರು. ಮೇಜಿನ ಮೇಲಿದ್ದ ಹಸಿರು ಪುಸ್ತಿಕೆಯನ್ನು ಎತ್ತಿ ನೋಡಿ, ಫೋಟೋ ಮೇಲೆ ಮಾಡಿಯೇ ಇಟ್ಟರು.

"ಹಾಗಾದ್ರೆ ಉತ್ತರದಲ್ಲಿ ಇವರ ಹೆಸರು ಬರೀಲಾ?"

"ಇಬ್ಬರದ್ದೂ ಬರೀರಿ, ಬು. ಬಾಗಿಲು ತೆರೆದಿಟ್ಟು ಹೋದವನು ಅವನು. ಅವನ ಸಂಖ್ಯೆಯನ್ನ ಈ ಹುಡುಗಿಗೆ ಕೊಟ್ಟು, ಲಾಗ್ ತಪ್ಪು ಹೇಳಲ್ಲ ಅಂದವನು ನಾನು."

ಬಾಗಿಲ ಬಳಿ ನಿಂತಿದ್ದ ತಿತಿಸ್ ನೆಲ ನೋಡಿದಳು. ಹರ್ತಿನಿ ಅವಳ ಕೆಲಸ ಕಾಯಂ ಮಾಡುವ ಕಾಗದವನ್ನು ಕಡತದಿಂದ ಹೊರಗೆ ತೆಗೆದು, ಸಹಿ ಹಾಕಿ, ದಿನಾಂಕ ಬರೆದು, ಅವಳ ಮುಂದೆ ಚಾಚಿದರು. ಆಮೇಲೆ ಕಸ್ಮೂರಿಗೆ ಅಂದರು, "ಅದನ್ನ ಇವತ್ತೇ ನಿಲ್ಲಿಸಿ."

"ನಾಳೆ ಬೆಳಗ್ಗೆ ಮರದ ಕೆಳಗೆ ಕೂರೋರು?"

"ಒಂಬತ್ತಕ್ಕೆ ಕೋಣೆ ತೆಗೀತಾರೆ."

ಅವನು ಹೊರಗೆ ಹೋಗಲಿಲ್ಲ. ಅಲ್ಲೇ ಕೈ ಕಟ್ಟಿ ನಿಂತಿದ್ದ. ಹರ್ತಿನಿ ಕಿಟಕಿಯಾಚೆ ನೋಡಿದರು. ಅಲ್ಲಿಂದ ಮರದ ತುದಿಯಷ್ಟೇ ಕಾಣುತ್ತಿತ್ತು.

"ಪಾಳಿಯ ಮುಖ್ಯ ನರ್ಸುಗಳ ಹೆಸರು ಬರೆದು ಕೊಡಿ," ಅಂದರು ಕೊನೆಗೆ. "ಅವರಿಗೆ ಮಾತ್ರ. ಯಾರು ತೆರೆದು ನೋಡಿದರು ಅಂತ ಲಾಗಿನಲ್ಲಿ ಸಾಲು ಬೀಳಬೇಕು. ಸೋಮವಾರ ಸಭೆಯಲ್ಲಿ ಇಡ್ತೀನಿ. ಒಪ್ಪುತಾರೋ ಇಲ್ವೋ ಹೇಳಲಾರೆ." ಅವನು ತಿರುಗುವಾಗ ಸೇರಿಸಿದರು, "ಸಂಜೆ ಬರ್ತೀನಿ ಅಂತ ರುಮಿಯವರಿಗೆ ಹೇಳಿ. ಮಾಸ್ತರರನ್ನೂ ಕೇಳ್ತೀನಿ. ಬರ್ತಾರೋ ಏನೋ."

ಮಧ್ಯಾಹ್ನ ಜನರೇಟರ್ ಕೋಣೆಯಲ್ಲಿ ಕೀಲಿಮಣೆಯ ಮುಂದೆ ತಿತಿಸ್ ಕೂತಳು. ಕಸ್ಮೂರಿ ಹಿಂದೆ ನಿಂತ. ಮೊದಲು ಅವಳಿಗೆ ಯಾರೂ ಬಳಸದ ಹೊಸ ಸಂಖ್ಯೆ ಕೊಟ್ಟರು. ಆಮೇಲೆ ಕಸ್ಮೂರಿ ಹಳೆ ಸಂಖ್ಯೆಗೆ ಪರ್ಮಿನ್‌ನ ಹೆಸರನ್ನು ಮತ್ತೆ ಬರೆಸಿದ. ಒಳಗೆ ಬರಲಾಗದಂತೆ ಬೀಗ ಹಾಕಿಸಿದ, ಹೆಸರು ಮಾತ್ರ ಇರಲಿ ಅಂದ.

"ಇದೆಲ್ಲ ಯಾಕೆ, ಪಾಕ್? ಫೋಲ್ಡರನ್ನ ನೇರ ಎಕ್ಸ್‌ರೇ ಕೋಣೆ ಹೆಸರಿಗೆ ಮಾಡಿದ್ರೆ ಮುಗೀತಲ್ಲ."

"ಮೊದಲು ಯಾರದಿತ್ತು ಅಂತ ಗೊತ್ತಿರಲಿ."

ಅವಳು ಸ್ಕ್ರಿಪ್ಟು ಓಡಿಸಿದಳು. ಲಾಗಿನ ತುದಿಯಲ್ಲಿ ಒಂದು ಸಾಲು ಬಂದು ಕೂತಿತು. ಎಕ್ಸ್‌ರೇ ಫೋಲ್ಡರು, ಮೊದಲಿನ ಯಜಮಾನ: ಪರ್ಮಿನ್, ಈಗ: ಎಕ್ಸ್‌ರೇ ಕೋಣೆ. ಬದಲಿಸಿದವರು: ತಿತಿಸ್. ಅವಳು ತನ್ನ ಹೆಸರನ್ನು ಒಂದು ಸಲ ಓದಿ ನೋಡಿಕೊಂಡಳು.

ಬೆಳಗಿನ ಜಾವದ ಆ ಸ್ಕ್ರಿಪ್ಟು ಮಲಗಿತ್ತು. ನಿಲ್ಲಿಸುವ ಆಜ್ಞೆ ಬರೆದು ತಿತಿಸ್ ಕೈ ಹಿಂದೆ ತೆಗೆದುಕೊಂಡಳು. "ನೀವೇ ಒತ್ತಿ."

ಕಸ್ಮೂರಿ ಒತ್ತಿದ.

"ಇನ್ನೇನು ಓಡ್ತಿದೆ ಇದರಲ್ಲಿ?" ಅಂತ ಕೇಳಿದ.

ತಿತಿಸ್ ಮೇಲಿಂದ ಕೆಳಗೆ ನೋಡಿದಳು. "ಏನೂ ಇಲ್ಲ, ಪಾಕ್. ಇಷ್ಟು ವರ್ಷ ಅದೊಂದೇ."

ಹೊರಗೆ ಯಾರೋ ರುಮಿಯ ಮನೆಗೆ ಒಯ್ಯುವ ಚಾಪೆಗಳನ್ನು ತಳ್ಳುಗಾಡಿಗೆ ಎಸೆಯುತ್ತ, ಒಂದು ಕೈ ಕೊಡಿ ಎಂದು ಕಸ್ಮೂರಿಯನ್ನು ಕೂಗುತ್ತಿದ್ದರು. ಅವನು ಗೋಡೆಯ ಕಡೆ ಬಗ್ಗಿ ಯಂತ್ರದ ಗುಂಡಿ ಒತ್ತಿದ. ಫ್ಯಾನು ತಕ್ಷಣ ನಿಲ್ಲಲಿಲ್ಲ. ನಿಧಾನವಾಯಿತು, ಇನ್ನೂ ನಿಧಾನವಾಯಿತು. ಜಾಲರಿಗೆ ಮುಖವಿಟ್ಟಿದ್ದ ಹತ್ತಿಯ ಎಳೆಗಳು ನಡುಗುವುದನ್ನು ಬಿಟ್ಟವು. ಒಂದು ಕಳಚಿ, ಬಿಸಿಲಿನಲ್ಲಿ ಒಂದು ಸುತ್ತು ತಿರುಗಿ, ಅವನ ಚಪ್ಪಲಿಯ ಪಕ್ಕ ಸಿಮೆಂಟಿನ ಮೇಲೆ ಇಳಿಯಿತು.

ಪರ್ಮಿನ್ ನಿಜವಾಗಿ ಹೋದದ್ದು ಆ ಬುಧವಾರ, ಐದು ದಿನದ ಸಂತೆವಾರದ ಲೆಕ್ಕದಲ್ಲಿ ಲೆಗಿಯ ದಿನ, ಸಂಜೆಯ ಬಾಂಗಿಗೆ ಇನ್ನೂ ಹೊತ್ತಿರುವಾಗ.